ಪಾಳುಬಿದ್ದ ಹಳ್ಳಿಮನೆಯನ್ನು ಮತ್ತೆ ವಾಸದ ಮನೆಯಾಗಿಸುವುದು: ಇಂಗ್ಲೆಂಡಿನಲ್ಲಿ ಪ್ಲ್ಯಾನಿಂಗ್ ಪರ್ಮಿಷನ್ ಪಡೆಯುವ ಕ್ರಮ

ಚಾವಣಿ ಕುಸಿದು ನಾಲ್ಕು ಕಲ್ಲುಗೋಡೆ ಮಾತ್ರ ನಿಂತಿರುವ ಹಳೆಯ ಕಾಟೇಜು, ಸುತ್ತ ಅರ್ಧ ಎಕರೆ ಹುಲ್ಲು, ಕೈಗೆಟುಕುವ ಬೆಲೆ. ಡೆವನ್, ಕಂಬ್ರಿಯಾ, ಯಾರ್ಕ್‌ಷೈರ್ ಕಡೆಯ ಹರಾಜುಗಳಲ್ಲಿ ಇಂಥವು ಬರುತ್ತಲೇ ಇರುತ್ತವೆ. ಜಾಹೀರಾತಿನಲ್ಲಿ 'ಕಾಟೇಜ್' ಎಂದಿದ್ದರೆ, ಒಮ್ಮೆ ಯಾರೋ ವಾಸವಿದ್ದರೆ, ಕಾನೂನಿನ ಲೆಕ್ಕದಲ್ಲಿ ಅದು ಇಂದಿಗೂ ಮನೆಯೇ ಎಂದು ಕೊಳ್ಳುವವರು ನಂಬಿಬಿಡುತ್ತಾರೆ. ಹಾಗೇನೂ ಇಲ್ಲ. ಇಡೀ ಕೆಲಸ ನಿಂತಿರುವುದು ಎರಡು ಪ್ರಶ್ನೆಗಳ ಮೇಲೆ. ಆ ಜಾಗಕ್ಕೆ ವಾಸದ ಹಕ್ಕು ಇನ್ನೂ ಉಳಿದಿದೆಯೇ? ಈಗಿರುವ ಗೋಡೆಗಳನ್ನು ಉಳಿಸಿಕೊಂಡೇ ಮನೆ ಮಾಡಲು ಸಾಧ್ಯವೇ? ಇವೆರಡಕ್ಕೂ ಕಾಗದದ ಮೇಲೆ ಉತ್ತರ ಸಿಗುವ ತನಕ ಮುಂಗಡ ಕೊಡಬೇಡಿ, ಒಂದು ಕಲ್ಲನ್ನೂ ಕದಲಿಸಬೇಡಿ.

ಪ್ಲ್ಯಾನಿಂಗ್ ಪರ್ಮಿಷನ್ ಎಂದರೆ ಕಟ್ಟಲು ಅಥವಾ ಕಟ್ಟಡದ ಬಳಕೆ ಬದಲಿಸಲು ಸ್ಥಳೀಯ ಆಡಳಿತವಾದ ಕೌನ್ಸಿಲ್ ಕೊಡುವ ಅನುಮತಿ. ಇಲ್ಲಿ ಹೇಳುವುದೆಲ್ಲ ಇಂಗ್ಲೆಂಡಿನ ನಿಯಮ. ವೇಲ್ಸ್ ಮತ್ತು ಸ್ಕಾಟ್ಲೆಂಡಿನ ನಿಯಮಗಳೇ ಬೇರೆ. ಇಂಗ್ಲೆಂಡಿನೊಳಗೂ ಡಾರ್ಟ್‌ಮೂರ್, ಪೀಕ್ ಡಿಸ್ಟ್ರಿಕ್ಟ್, ಯಾರ್ಕ್‌ಷೈರ್ ಡೇಲ್ಸ್‌ನಂಥ ನ್ಯಾಷನಲ್ ಪಾರ್ಕ್‌ಗಳಲ್ಲಿ ಅರ್ಜಿ ಹೋಗುವುದು ಜಿಲ್ಲಾ ಕೌನ್ಸಿಲ್‌ಗಲ್ಲ, ಆಯಾ ಪಾರ್ಕ್ ಅಥಾರಿಟಿಗೆ.

ವಾಸದ ಹಕ್ಕು ಉಳಿದಿದೆಯೇ?

ಮನೆ ಖಾಲಿಯಾದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಆದರೆ ಖಾಲಿ ಬಿದ್ದ ರೀತಿ ನೋಡಿ 'ಈ ಬಳಕೆಯನ್ನು ಕೈಬಿಡಲಾಗಿದೆ' ಎಂದು ತೀರ್ಮಾನಿಸಿದರೆ, ಕಾನೂನಿನ ಪ್ರಕಾರ ಅಲ್ಲಿ ಮನೆಯೇ ಇಲ್ಲ. ನೀವು ಕೇಳುತ್ತಿರುವುದು ಬಯಲಿನ ನಡುವೆ ಹೊಸ ಮನೆ ಎಂದಾಗುತ್ತದೆ. ನ್ಯಾಯಾಲಯಗಳು ಇದಕ್ಕೆ ನಾಲ್ಕು ಅಂಶ ನೋಡುತ್ತವೆ: ಕಟ್ಟಡದ ಸ್ಥಿತಿ, ಎಷ್ಟು ಕಾಲದಿಂದ ಖಾಲಿ ಇದೆ, ನಡುವೆ ಬೇರೆ ಯಾವುದಕ್ಕಾದರೂ ಬಳಸಿದ್ದಾರೆಯೇ, ಮಾಲೀಕರ ಉದ್ದೇಶವೇನಿತ್ತು. ಇಷ್ಟೇ ವರ್ಷ ಎಂಬ ಗಡುವಿಲ್ಲ. ಮೂವತ್ತು ವರ್ಷ ಖಾಲಿ ಇದ್ದರೂ ಚಾವಣಿ ಗಟ್ಟಿಯಾಗಿದ್ದು, ಪೀಠೋಪಕರಣ ಒಳಗೇ ಇದ್ದು, ಮಾಲೀಕರು ಆಗಾಗ ದುರಸ್ತಿ ಮಾಡಿಸುತ್ತಿದ್ದರೆ ಹಕ್ಕು ಉಳಿದಿದೆ ಎಂದು ವಾದಿಸಬಹುದು. ಹತ್ತೇ ವರ್ಷದಲ್ಲಿ ಚಾವಣಿ ಬಿದ್ದು, ಒಳಗೆ ಕುರಿ ಕಟ್ಟಿ, ಬಾಗಿಲಿದ್ದ ಜಾಗಕ್ಕೆ ತಂತಿಬೇಲಿ ಹಾಕಿದ್ದರೆ ವಾದ ಕಷ್ಟ.

'ನಾನೆಂದೂ ಮನೆಯನ್ನು ಬಿಟ್ಟುಕೊಟ್ಟಿರಲಿಲ್ಲ' ಎಂಬ ಮಾಲೀಕರ ಹೇಳಿಕೆಯೊಂದೇ ಸಾಲದು. 2000ದಲ್ಲಿ ಹ್ಯೂಸ್ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ ಇದನ್ನು ಬಿಡಿಸಿ ಹೇಳಿತು. ಉದ್ದೇಶವೂ ಒಂದು ಅಂಶ, ಆದರೆ ಅದೇ ನಿರ್ಣಾಯಕವಲ್ಲ. ಎಲ್ಲ ಸಂಗತಿ ಬಲ್ಲ ಸಾಮಾನ್ಯ ವಿವೇಕದ ಮನುಷ್ಯನಿಗೆ ಆ ಜಾಗ ಹೇಗೆ ಕಾಣುತ್ತದೆ ಎಂಬುದೇ ಅಳತೆಗೋಲು. ಆದ್ದರಿಂದ ಕೂಡಿಸಬೇಕಾದದ್ದು ದಾಖಲೆ.

ಮೊದಲು ಮನೆ ಅಲ್ಲಿತ್ತು, ಜನ ವಾಸವಿದ್ದರು ಎಂಬುದಕ್ಕೆ: ಸರ್ಕಾರಿ ನಕ್ಷೆಸಂಸ್ಥೆ ಆರ್ಡ್‌ನನ್ಸ್ ಸರ್ವೇಯ ಹಳೆಯ ನಕ್ಷೆಗಳು (ಸ್ಕಾಟ್ಲೆಂಡ್ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಇಂಗ್ಲೆಂಡಿನವೂ ಸಿಗುತ್ತವೆ), 1840ರ ಸುಮಾರಿನ ಟೈದ್ (ಚರ್ಚಿನ ಕಂದಾಯ) ನಕ್ಷೆಗಳು, 1921ರ ಜನಗಣತಿ, ಯುದ್ಧಕಾಲದಲ್ಲಿ ನಿವಾಸಿಗಳನ್ನು ದಾಖಲಿಸಿದ 1939ರ ರಿಜಿಸ್ಟರ್. ಇವು ಪುರಾವೆಯ ಅಡಿಪಾಯ ಮಾತ್ರ. ವ್ಯಾಜ್ಯ ನಡೆಯುವುದು ಕೊನೆಯ ಮೂವತ್ತು ನಲವತ್ತು ವರ್ಷಗಳ ಬಗ್ಗೆ. ಅದಕ್ಕೆ ಬೇಕಾದವು ಕೌನ್ಸಿಲ್ ಟ್ಯಾಕ್ಸ್ (ಸ್ಥಳೀಯ ಮನೆತೆರಿಗೆ) ದಾಖಲೆ, ವಿದ್ಯುತ್ ಮತ್ತು ನೀರಿನ ಬಿಲ್, ಮತದಾರರ ಪಟ್ಟಿ, ವಿಮೆಯ ಕಾಗದ, ದುರಸ್ತಿಗೆ ಕೊಟ್ಟ ರಸೀದಿ, ಹಳೆಯ ಪ್ಲ್ಯಾನಿಂಗ್ ಅರ್ಜಿಗಳು, ವರ್ಷ ತಿಳಿದಿರುವ ವೈಮಾನಿಕ ಚಿತ್ರ. ನೆರೆಯವರ ಮಾತನ್ನು ಸುಮ್ಮನೆ ಪತ್ರದಲ್ಲಿ ಬರೆಸಿಕೊಳ್ಳುವುದಕ್ಕಿಂತ ಸಾಲಿಸಿಟರ್ (ವಕೀಲ) ಮುಂದೆ ಸ್ಟ್ಯಾಚುಟರಿ ಡಿಕ್ಲರೇಷನ್ (ಕಾನೂನುಬದ್ಧ ಘೋಷಣೆ) ಮಾಡಿಸಿದರೆ ತೂಕ ಹೆಚ್ಚು.

ಕೌನ್ಸಿಲ್ ಟ್ಯಾಕ್ಸ್ ವಿಷಯದಲ್ಲಿ ಒಂದು ಎಚ್ಚರಿಕೆ. ತೆರಿಗೆ ಉಳಿಸಲು ಹಿಂದಿನ ಮಾಲೀಕರು 'ಇದು ವಾಸಯೋಗ್ಯವಲ್ಲ' ಎಂದು ಬರೆದುಕೊಟ್ಟು ಮನೆಯನ್ನು ಪಟ್ಟಿಯಿಂದ ತೆಗೆಸಿರುವುದುಂಟು. ಅದೇ ಕಾಗದ ನಾಳೆ ನಿಮ್ಮ ವಿರುದ್ಧದ ಪುರಾವೆಯಾಗುತ್ತದೆ. ಕೊಳ್ಳುವ ಮುನ್ನ ಇದನ್ನು ವಿಚಾರಿಸಿ. ಈಗ ಮನೆ ನಿಮ್ಮದೇ ಆಗಿದ್ದರೆ, ಕೆಲವು ನೂರು ಪೌಂಡ್ ಉಳಿಸಲು ಆ ಕೆಲಸಕ್ಕೆ ಕೈಹಾಕಬೇಡಿ.

ಎದುರಿಗಿರುವ ದಾರಿಗಳು

ಹಕ್ಕು ಉಳಿದಿದೆ ಎಂದು ಪುರಾವೆ ಹೇಳುತ್ತಿದ್ದರೆ ಮೊದಲು ಲಾಫುಲ್ ಡೆವಲಪ್‌ಮೆಂಟ್ ಸರ್ಟಿಫಿಕೇಟ್, ಅಂದರೆ ಬಳಕೆ ಕಾನೂನುಬದ್ಧವೆಂಬ ಕೌನ್ಸಿಲಿನ ಪ್ರಮಾಣಪತ್ರ ಕೇಳಿ. 1990ರ ಟೌನ್ ಅಂಡ್ ಕಂಟ್ರಿ ಪ್ಲ್ಯಾನಿಂಗ್ ಕಾಯ್ದೆಯ 191ನೇ ಸೆಕ್ಷನ್ ಈಗ ನಡೆಯುತ್ತಿರುವ ಬಳಕೆಗೆ, 192ನೇ ಸೆಕ್ಷನ್ ಮುಂದೆ ಮಾಡಲಿರುವ ಬಳಕೆಗೆ. ಖಾಲಿ ಮನೆಯಲ್ಲಿ ವಾಸ ಮತ್ತೆ ಶುರುಮಾಡುವುದು ಕಾನೂನುಬದ್ಧವೇ ಎಂದು ಕೇಳುವುದಕ್ಕೆ ಸಾಮಾನ್ಯವಾಗಿ 192 ಹೊಂದುತ್ತದೆ. ಇದರ ದೊಡ್ಡ ಅನುಕೂಲವೆಂದರೆ ಇಲ್ಲಿ ನೋಟ ಚೆಂದವೇ, ನೆರೆಯವರಿಗೆ ಇಷ್ಟವೇ, ಸ್ಥಳೀಯ ನೀತಿ ಒಪ್ಪುತ್ತದೆಯೇ ಎಂಬ ಚರ್ಚೆ ಬರುವುದಿಲ್ಲ. ಸಂಗತಿ ಮತ್ತು ಕಾನೂನು, ಅಷ್ಟೇ. ಆದರೆ ರುಜುವಾತಿನ ಹೊಣೆ ಪೂರ್ತಿ ನಿಮ್ಮದು. ಹೆಚ್ಚು ಸಂಭವ ಯಾವ ಕಡೆಗಿದೆ ಎಂಬ ಅಳತೆಯಲ್ಲಿ ಕೌನ್ಸಿಲ್ ತೂಗುತ್ತದೆ.

ಸರ್ಟಿಫಿಕೇಟ್ ಸಿಕ್ಕರೆ ಒಳಗಿನ ಕೆಲಸಕ್ಕೂ, ಹೊರನೋಟವನ್ನು ಗಣನೀಯವಾಗಿ ಬದಲಿಸದ ದುರಸ್ತಿಗೂ ಪ್ಲ್ಯಾನಿಂಗ್ ಪರ್ಮಿಷನ್ ಬೇಡ. ಬಿದ್ದ ಗೋಡೆಯನ್ನು ಮತ್ತೆ ಎಬ್ಬಿಸುವುದು, ಇಲ್ಲದ ಚಾವಣಿ ಕಟ್ಟುವುದು ದುರಸ್ತಿಯ ಗಡಿ ದಾಟುತ್ತದೆ, ಅದಕ್ಕೆ ಅರ್ಜಿ ಬೇಕೇ ಬೇಕು. ಆದರೂ ಆಗ ನೀವು ಇರುವ ಮನೆಯನ್ನು ಸರಿಮಾಡುವವರು, ಹೊಸ ಮನೆ ಕೇಳುವವರಲ್ಲ. ಆ ವ್ಯತ್ಯಾಸ ಮುಂದಿನ ಪ್ರತಿ ಹಂತದಲ್ಲೂ, ತೆರಿಗೆಯ ತನಕ, ಕೈಹಿಡಿಯುತ್ತದೆ.

ಹಕ್ಕು ಹೋಗಿದೆ ಎಂದಾದರೆ ಪೂರ್ಣ ಅರ್ಜಿಯೇ ದಾರಿ. ಊರಿಂದ ದೂರವಿರುವ ಒಂಟಿ ಮನೆಗಳನ್ನು ರಾಷ್ಟ್ರೀಯ ನೀತಿ ತಡೆಯುತ್ತದೆ. 2024ರ ಡಿಸೆಂಬರ್‌ನ ನ್ಯಾಷನಲ್ ಪ್ಲ್ಯಾನಿಂಗ್ ಪಾಲಿಸಿ ಫ್ರೇಮ್‌ವರ್ಕ್‌ನ 84ನೇ ಪ್ಯಾರಾದಲ್ಲಿ ವಿನಾಯಿತಿಗಳಿವೆ, ಅವುಗಳಲ್ಲಿ ಎರಡು ನಿಮಗೆ ಬೇಕಾದವು. ಬಳಕೆ ತಪ್ಪಿದ ಕಟ್ಟಡವನ್ನು ಮರುಬಳಸಿ ಸುತ್ತಲಿನ ಪರಿಸರವನ್ನೂ ಉತ್ತಮಗೊಳಿಸುವುದು ಒಂದು, ಪಾರಂಪರಿಕ ಕಟ್ಟಡವನ್ನು ಉಳಿಸುವ ಅತಿ ಸೂಕ್ತ ಬಳಕೆ ಅದೇ ಆಗಿರುವುದು ಇನ್ನೊಂದು. ಮೊದಲನೆಯದರಲ್ಲಿ ಎರಡು ಭಾಗಗಳಿವೆ, ಅರ್ಜಿದಾರರು ಎರಡನೆಯದನ್ನು ಮರೆಯುತ್ತಾರೆ. ಕಟ್ಟಡ ಉಳಿಸಿದರೆ ಸಾಲದು, ಸುತ್ತಲಿನ ತಗಡಿನ ಶೆಡ್ ತೆಗೆಯುವುದು, ಬಿದ್ದ ಕಲ್ಲುಪೌಳಿಯನ್ನು ಮತ್ತೆ ಕಟ್ಟುವುದು, ಸ್ಥಳೀಯ ಗಿಡಗಳ ಬೇಲಿ ಬೆಳೆಸುವುದು, ಇಂಥದ್ದೇನಾದರೂ ನಕ್ಷೆಯಲ್ಲೇ ಕಾಣಬೇಕು. ಜೊತೆಗೆ, ಅಲ್ಲಿರುವುದು 'ಕಟ್ಟಡ' ಎಂದು ಕರೆಯುವ ಮಟ್ಟಿಗಾದರೂ ಇರಬೇಕು. ಮೊಣಕಾಲೆತ್ತರದ ಗೋಡೆಯ ಮೇಲೆ ಹುಲ್ಲು ಬೆಳೆದು ನೆಲದಲ್ಲಿ ಬೆರೆತುಹೋಗಿದ್ದರೆ ಮರುಬಳಕೆ ಎಂಬ ಮಾತೇ ಏಳುವುದಿಲ್ಲ. ಅಂಥದ್ದನ್ನು ಕೊಳ್ಳಬೇಡಿ ಎನ್ನುವುದೇ ನೇರವಾದ ಸಲಹೆ.

ಕಾಟೇಜು ಬಹುಕಾಲದಿಂದ ಕೊಟ್ಟಿಗೆಯಾಗಿ ಜಮೀನಿನ ಭಾಗವೇ ಆಗಿಹೋಗಿದ್ದರೆ ಕೆಲವರು ಕ್ಲಾಸ್ ಕ್ಯೂ ಎಂಬ ಕೃಷಿ ಕಟ್ಟಡದ ದಾರಿ ಸೂಚಿಸುತ್ತಾರೆ. ಅಲ್ಲಿ ಪೂರ್ಣ ಪರ್ಮಿಷನ್ ಬದಲು 56 ದಿನಗಳ ಪ್ರಯರ್ ಅಪ್ರೂವಲ್ (ಕೆಲವೇ ವಿಷಯಗಳಿಗೆ ಸೀಮಿತವಾದ ಮುನ್ನೊಪ್ಪಿಗೆ) ಸಾಕು. ಆದರೆ ನ್ಯಾಷನಲ್ ಪಾರ್ಕ್, ನ್ಯಾಷನಲ್ ಲ್ಯಾಂಡ್‌ಸ್ಕೇಪ್ (ಸಂರಕ್ಷಿತ ನಿಸರ್ಗ ಪ್ರದೇಶ), ಕನ್ಸರ್ವೇಷನ್ ಏರಿಯಾ (ಹಳೆಯ ಚಹರೆ ಕಾಪಾಡುವ ಪ್ರದೇಶ), ಲಿಸ್ಟೆಡ್ (ಪಾರಂಪರಿಕ ಪಟ್ಟಿಗೆ ಸೇರಿದ) ಕಟ್ಟಡಗಳಿಗೆ ಅದು ಅನ್ವಯಿಸುವುದಿಲ್ಲ. ಇರುವ ಕಟ್ಟಡ ಮಾರ್ಪಾಡಿಗೆ ಒಗ್ಗುವಷ್ಟು ಗಟ್ಟಿ ಇರಬೇಕು, ಮಾರ್ಪಾಡಿನ ಹೆಸರಲ್ಲಿ ಹೊಸದಾಗಿ ಕಟ್ಟುವಂತಿಲ್ಲ ಎಂದು 2016ರ ಹಿಬ್ಬಿಟ್ ತೀರ್ಪು ಗೆರೆ ಎಳೆದಿದೆ. ಚಾವಣಿಯೇ ಇಲ್ಲದ ಪಾಳುಗೋಡೆಗೆ ಇದು ಹೊಂದುವುದು ಅಪರೂಪ.

ಲಿಸ್ಟೆಡ್ ಬಿಲ್ಡಿಂಗ್ ಹೌದೋ ಅಲ್ಲವೋ ಎಂದು ನ್ಯಾಷನಲ್ ಹೆರಿಟೇಜ್ ಲಿಸ್ಟ್‌ನಲ್ಲಿ ನೋಡಿಕೊಳ್ಳಿ. ಪಾಳುಬಿದ್ದದ್ದೂ ಲಿಸ್ಟೆಡ್ ಆಗಿರಬಹುದು. ಆಗಿದ್ದರೆ ಪ್ಲ್ಯಾನಿಂಗ್ ಜೊತೆಗೆ ಲಿಸ್ಟೆಡ್ ಬಿಲ್ಡಿಂಗ್ ಕನ್ಸೆಂಟ್ ಕೂಡ ಬೇಕು. ಅದಕ್ಕೆ ಶುಲ್ಕವಿಲ್ಲ, ಆದರೆ ಪಡೆಯದೆ ಕೆಲಸ ಮಾಡಿದರೆ ಕ್ರಿಮಿನಲ್ ಅಪರಾಧ.

ಗೋಡೆಯ ಲೆಕ್ಕ

ಅರ್ಜಿಯ ಜೀವ ಇರುವುದು ಸ್ಟ್ರಕ್ಚರಲ್ ಎಂಜಿನಿಯರ್ ವರದಿಯಲ್ಲಿ. 'ಕಟ್ಟಡ ಒಟ್ಟಾರೆ ಚೆನ್ನಾಗಿದೆ' ಎಂಬ ಎರಡು ಪುಟದ ಪತ್ರಕ್ಕೆ ಪ್ಲ್ಯಾನಿಂಗ್ ಆಫೀಸರ್ ಬೆಲೆ ಕೊಡುವುದಿಲ್ಲ. ಹಳೆಯ ಕಲ್ಲುಗೋಡೆ ಬಲ್ಲ ಚಾರ್ಟರ್ಡ್ ಎಂಜಿನಿಯರನ್ನೇ ಹುಡುಕಿ. ಕಾಂಕ್ರೀಟ್, ಉಕ್ಕು ಮಾತ್ರ ಬಲ್ಲವರು ಸುಣ್ಣದ ಗಾರೆಯ ಗೋಡೆ ಕಂಡ ಕೂಡಲೇ ಕೆಡವಿ ಕಟ್ಟಿ ಎನ್ನುವುದುಂಟು, ಆ ಒಂದು ವಾಕ್ಯ ವರದಿಯಲ್ಲಿ ಬಂದರೆ ಅರ್ಜಿ ಅಲ್ಲಿಗೇ ಮುಗಿಯಿತು.

ವರದಿಯ ಜೊತೆ ನಾಲ್ಕೂ ಗೋಡೆಗಳ ಎದುರುನೋಟದ ನಕ್ಷೆ 1:50 ಅಳತೆಯಲ್ಲಿರಲಿ. ಹಾಗೇ ಉಳಿಯುವ ಭಾಗಕ್ಕೆ ಒಂದು ಬಣ್ಣ, ಗಾರೆ ತುಂಬಿ ಸ್ಟೇನ್‌ಲೆಸ್ ಸರಳು ಹಾಕಿ ಬಿಗಿಯುವ ಭಾಗಕ್ಕೆ ಒಂದು, ಬಿಚ್ಚಿ ಅದೇ ಕಲ್ಲಿನಿಂದ ಕಟ್ಟುವ ಭಾಗಕ್ಕೆ ಒಂದು, ಹೊಸದಾಗಿ ಕಟ್ಟುವ ಭಾಗಕ್ಕೆ ಇನ್ನೊಂದು. ಪ್ರತಿ ಬಣ್ಣದ ವಿಸ್ತೀರ್ಣ ಚದರ ಮೀಟರಿನಲ್ಲಿ ಬರೆಯಿರಿ. ಒಟ್ಟು 120 ಚದರ ಮೀಟರ್ ಗೋಡೆಯಲ್ಲಿ 96 ಹಾಗೇ ಉಳಿದು 14 ಬಿಗಿದು 10 ಮಾತ್ರ ಬಿಚ್ಚಿ ಕಟ್ಟುವುದಿದ್ದರೆ ಆ ಅಂಕಿಯೇ ಮಾತಾಡುತ್ತದೆ. ಶೇಕಡಾ ಇಷ್ಟು ಉಳಿದರೆ ಸಾಕು ಎಂದು ಕಾನೂನಿನಲ್ಲಿಲ್ಲ. ಆದರೆ 'ಗಣನೀಯ ಮರುನಿರ್ಮಾಣವಿಲ್ಲದೆ' ಎಂಬ ಮಾತು ಹಲವು ಕೌನ್ಸಿಲ್‌ಗಳ ಸ್ಥಳೀಯ ಯೋಜನೆಗಳಲ್ಲಿದೆ. ಅದಕ್ಕೆ ಅಂಕಿಯಲ್ಲಿ ಉತ್ತರ ಕೊಟ್ಟವರ ಅರ್ಜಿ ನಿಲ್ಲುತ್ತದೆ.

ತಳಪಾಯ ತೋರಿಸುವ ಗುಂಡಿ ಎರಡು ಮೂರು ಕಡೆ ತೆಗೆಸಿ. ಹಳೆಯ ಕಾಟೇಜುಗಳಿಗೆ ತಳಪಾಯವೆಂದರೆ ಸಾಮಾನ್ಯವಾಗಿ ನೆಲದಲ್ಲಿ ಹೂತ ದೊಡ್ಡ ಕಲ್ಲುಗಳಷ್ಟೇ. ನೆಲದೊಳಗೆ ಉಷ್ಣನಿರೋಧಕ ಹಾಕಲು ಒಳನೆಲವನ್ನು ಆಳಕ್ಕೆ ಅಗೆದರೆ ಆ ಕಲ್ಲುಗಳ ಆಧಾರವೇ ತಪ್ಪುತ್ತದೆ. ನಡು ಕೆಲಸದಲ್ಲಿ ಗೋಡೆ ಬೀಳುವುದಕ್ಕೆ ಇದೇ ಬಹಳ ಸಾಮಾನ್ಯ ಕಾರಣ. ಎರಡನೆಯ ಕಾರಣ, ಬಾಗಿದ ಚಾವಣಿ ತೊಲೆಗಳನ್ನು ಒಂದೇ ದಿನ ತೆಗೆದುಬಿಡುವುದು. ಆ ತೊಲೆಗಳೇ ಎರಡು ಗೋಡೆಗಳನ್ನು ಒಟ್ಟಿಗೆ ಹಿಡಿದಿರುತ್ತವೆ. ಮೂರನೆಯದು, ಗೋಡೆಯ ತಲೆಯಿಂದ ನೀರು ಒಳಗಿಳಿದು ಎರಡು ಮೈಗಳ ನಡುವಿನ ಮಣ್ಣು, ಜಲ್ಲಿ ತೊಳೆದುಹೋಗಿರುವುದು. ಹೊರಗೆ ನೆಟ್ಟಗೆ ಕಂಡರೂ ಒಳಗೆ ಟೊಳ್ಳು.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಿಮಗೆ ಸಿಗುವುದು ಇರುವ ಕಟ್ಟಡವನ್ನು ಮಾರ್ಪಡಿಸುವ ಪರ್ಮಿಷನ್. ಆ ಕಟ್ಟಡ ನೆಲಕ್ಕುರುಳಿದರೆ ಮಾರ್ಪಡಿಸಲು ಏನೂ ಇಲ್ಲ, ಕೈಯಲ್ಲಿರುವ ಪರ್ಮಿಷನ್ ಬಳಸುವಂತಿಲ್ಲ. ಗಾಳಿಗೆ ಬಿತ್ತೋ ಕೆಲಸಗಾರ ಕೆಡವಿದನೋ, ಫಲ ಒಂದೇ. ಹೊಸ ಅರ್ಜಿ ಹಾಕಬೇಕು, ಆಗ ಉಳಿಸಲು ಗೋಡೆ ಇಲ್ಲವಾದ್ದರಿಂದ ವಾದವೂ ಇಲ್ಲ. ಆದ್ದರಿಂದ ಯಾವ ಕ್ರಮದಲ್ಲಿ ಆಧಾರ ಕೊಟ್ಟು, ಯಾವ ಗೋಡೆಯನ್ನು ಎಷ್ಟೆಷ್ಟು ಉದ್ದ ಬಿಚ್ಚಿ ಕಟ್ಟುತ್ತೀರಿ ಎಂಬ ಮೆಥಡ್ ಸ್ಟೇಟ್‌ಮೆಂಟ್ ಎಂಜಿನಿಯರಿಂದ ಬರೆಸಿ ಅರ್ಜಿಯಲ್ಲೇ ಸೇರಿಸಿ. ಕೆಲಸದ ವೇಳೆ ಹೊಸ ದೋಷ ಕಂಡರೆ ಕೆಲಸ ನಿಲ್ಲಿಸಿ, ಫೋಟೊ ತೆಗೆದು, ಆಫೀಸರ್‌ಗೆ ಬರೆದು ಒಪ್ಪಿಗೆ ಪಡೆದು ಮುಂದುವರಿಯಿರಿ.

ಅರ್ಜಿಗೆ ಮುನ್ನ ಚಳಿಗಾಲ ಬಂದರೆ ಗೋಡೆತಲೆಗೆ ಟಾರ್ಪಾಲಿನ್ ಹೊದಿಸಬಹುದು, ಒಳಗೆ ಸ್ಕ್ಯಾಫೋಲ್ಡಿಂಗ್ ಆಧಾರ ಕೊಡಬಹುದು. ಗೋಡೆ ಎತ್ತರಿಸಬೇಡಿ. ಬಾವಲಿ ತಜ್ಞರು ನೋಡುವ ಮುನ್ನ ಕಲ್ಲಿನ ಸಂದಿಗಳನ್ನು ಮುಚ್ಚಲೂಬೇಡಿ.

ಬಾವಲಿಯೇ ಕ್ಯಾಲೆಂಡರ್

ಬ್ರಿಟನ್ನಿನ ಎಲ್ಲ ಬಾವಲಿಗಳಿಗೂ ಕಾನೂನಿನ ರಕ್ಷಣೆಯಿದೆ, ಬಾವಲಿ ಆಗ ಒಳಗಿಲ್ಲದಿದ್ದರೂ ಅದರ ಗೂಡಿಗೆ ರಕ್ಷಣೆಯಿದೆ. ಪಾಳುಮನೆಯ ಕಲ್ಲುಸಂದಿ, ಸ್ಲೇಟಿನ ಅಡಿ, ಚಿಮಣಿ ಅವುಗಳಿಗೆ ಹೇಳಿಮಾಡಿಸಿದ ಜಾಗ. ಪ್ರಾಥಮಿಕ ಪರಿಶೀಲನೆ ವರ್ಷದ ಯಾವ ತಿಂಗಳಲ್ಲೂ ಮಾಡಿಸಬಹುದು. ಅದರಲ್ಲಿ ಗೂಡಿನ ಸಾಧ್ಯತೆ ಕಂಡರೆ ಮುಸ್ಸಂಜೆಯಲ್ಲಿ ಹೊರಹಾರುವುದನ್ನು ನೋಡುವ ಸರ್ವೇ ಬೇಕು, ಅದು ಮೇ ತಿಂಗಳಿಂದ ಸೆಪ್ಟೆಂಬರ್ ಒಳಗೆ ಮಾತ್ರ. ಸಾಧ್ಯತೆ ಕಡಿಮೆಯಿದ್ದರೆ ಒಂದು ಸಂಜೆ, ಮಧ್ಯಮವಾದರೆ ಎರಡು, ಹೆಚ್ಚಾದರೆ ಮೂರು.

'ಪರ್ಮಿಷನ್ ಕೊಡಿ, ಸರ್ವೇ ಆಮೇಲೆ' ಎಂಬ ಮಾತನ್ನು ಕೌನ್ಸಿಲ್ ಸಾಮಾನ್ಯವಾಗಿ ಒಪ್ಪುವುದಿಲ್ಲ. ಅಕ್ಟೋಬರ್‌ನಲ್ಲಿ ಮನೆ ಕೊಂಡು ನವೆಂಬರ್‌ನಲ್ಲಿ ಅರ್ಜಿ ಹಾಕಿದವರು ಮುಂದಿನ ಮೇ ತನಕ ಕೈಕಟ್ಟಿ ಕೂರಬೇಕಾಗುತ್ತದೆ. ಪ್ರಾಥಮಿಕ ಪರಿಶೀಲನೆಯನ್ನು ಫೆಬ್ರುವರಿಯಲ್ಲೇ ಮಾಡಿಸಿ ಬೇಸಿಗೆಯ ಸಂಜೆಗಳನ್ನು ತಜ್ಞರ ಬಳಿ ಕಾದಿರಿಸಿ, ಏಪ್ರಿಲ್ ಹೊತ್ತಿಗೆ ಅವರ ದಿನಗಳು ಭರ್ತಿಯಾಗಿರುತ್ತವೆ. ಗೂಡು ಸಿಕ್ಕರೆ ಅರ್ಜಿ ಸತ್ತಿತೆಂದಲ್ಲ. ಚಾವಣಿಯಲ್ಲಿ ಬದಲಿ ಜಾಗ ತೋರಿಸಿ, ಪರ್ಮಿಷನ್ ಬಂದ ಮೇಲೆ ನ್ಯಾಚುರಲ್ ಇಂಗ್ಲೆಂಡ್ ಎಂಬ ಸರ್ಕಾರಿ ನಿಸರ್ಗ ಸಂಸ್ಥೆಯಿಂದ ಲೈಸೆನ್ಸ್ ಪಡೆದರೆ ಕೆಲಸ ನಡೆಯುತ್ತದೆ. ಬಾವಲಿ ಇರುವ ಜಾಗದಲ್ಲಿ ಸಾಮಾನ್ಯ ಪ್ಲಾಸ್ಟಿಕ್ ನೂಲಿನ ಚಾವಣಿಹಾಳೆ ಹಾಕಬೇಡಿ, ಅದರ ಎಳೆಗಳಲ್ಲಿ ಬಾವಲಿಯ ಉಗುರು ಸಿಕ್ಕಿ ಸಾಯುತ್ತದೆ. ಕಣಜಗೂಬೆ ಗೂಡು ಕಟ್ಟಿದ್ದರೆ ಮರಿ ಹಾರಿಹೋಗುವ ತನಕ ಹತ್ತಿರ ಸುಳಿಯುವಂತಿಲ್ಲ.

2024ರ ಏಪ್ರಿಲ್ 2ರಿಂದ ಸಣ್ಣ ಜಾಗಗಳಿಗೂ ಶೇ. 10ರ ಬಯೋಡೈವರ್ಸಿಟಿ ನೆಟ್ ಗೇನ್ ನಿಯಮ, ಅಂದರೆ ಜೀವವೈವಿಧ್ಯವನ್ನು ಮೊದಲಿಗಿಂತ ಅಷ್ಟು ಹೆಚ್ಚಿಸಬೇಕೆಂಬ ನಿಯಮ ಬಂದಿದೆ. ವಿನಾಯಿತಿಗಳಿವೆ, ಆದರೆ ಯಾವ ವಿನಾಯಿತಿ ಎಂದು ಅರ್ಜಿಯಲ್ಲೇ ಕಾರಣಸಹಿತ ಬರೆಯದಿದ್ದರೆ ಅರ್ಜಿ ನೋಂದಣಿಯಾಗದೆ ವಾಪಸಾಗುತ್ತದೆ. ಅರ್ಜಿ ಹಾಕುವ ದಿನ ಜಾರಿಯಲ್ಲಿರುವ ಪಟ್ಟಿಯನ್ನೇ ನೋಡಿಕೊಳ್ಳಿ.

ಕೊಳಚೆ ನೀರು, ದಾರಿ

ಒಂಟಿ ಕಾಟೇಜಿಗೆ ಚರಂಡಿ ಸಂಪರ್ಕ ಇರುವುದಿಲ್ಲ. ಕೊಳಚೆ ನೀರು ನೆಲಕ್ಕೆ ಇಂಗುತ್ತದೆಯೇ ಎಂದು ಮೊದಲೇ ಪರೀಕ್ಷಿಸಿ, ಇಂಗದ ಜೇಡಿಯಾದರೆ ಮನೆಯ ನಕ್ಷೆಯೇ ಬದಲಾಗಬೇಕಾಗಬಹುದು. ಪರೀಕ್ಷೆ ಸುಲಭ. ಕೊಳವೆ ಬರುವ ಮಟ್ಟದಿಂದ 300 ಮಿ.ಮೀ. ಕೆಳಗಿನ ತನಕ, 300 ಮಿ.ಮೀ. ಚೌಕದ ಗುಂಡಿ ತೆಗೆಯಿರಿ. ಕನಿಷ್ಠ 300 ಮಿ.ಮೀ. ನೀರು ತುಂಬಿ ರಾತ್ರಿಯಿಡೀ ಇಂಗಲು ಬಿಡಿ. ಮರುದಿನ ಮತ್ತೆ 300 ಮಿ.ಮೀ. ತುಂಬಿ, ನೀರು ಮುಕ್ಕಾಲು ಮಟ್ಟದಿಂದ ಕಾಲು ಮಟ್ಟಕ್ಕೆ ಇಳಿಯಲು ಹಿಡಿದ ಸೆಕೆಂಡುಗಳನ್ನು 150ರಿಂದ ಭಾಗಿಸಿ. ಕನಿಷ್ಠ ಎರಡು ಗುಂಡಿ, ಪ್ರತಿಯೊಂದರಲ್ಲೂ ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಬಂದ ಅಂಕಿ 12ರಿಂದ 100ರ ನಡುವೆ ಇದ್ದರೆ ಇಂಗುಪ್ರದೇಶ (ಕೊಳಚೆ ನೀರನ್ನು ನೆಲಕ್ಕೆ ಇಂಗಿಸುವ ಜಾಗ) ಮಾಡಬಹುದು. ಜೋರು ಮಳೆ, ಗಡ್ಡೆಕಟ್ಟುವ ಹಿಮ, ಬರಗಾಲದ ದಿನಗಳಲ್ಲಿ ಮಾಡಿದ ಪರೀಕ್ಷೆಗೆ ಬೆಲೆಯಿಲ್ಲ.

ಉದಾಹರಣೆಗೆ 6,000 ಸೆಕೆಂಡು ಹಿಡಿದರೆ ಅಂಕಿ 40. ಮೂರು ಮಲಗುಕೋಣೆಯ ಮನೆಗೆ 5 ಜನ ಎಂದು ಲೆಕ್ಕ. ಸೆಪ್ಟಿಕ್ ಟ್ಯಾಂಕ್ ಆದರೆ 5 × 40 × 0.25, ಅಂದರೆ 50 ಚದರ ಮೀಟರ್ ಇಂಗುಪ್ರದೇಶ ಬೇಕು. ಟ್ರೀಟ್‌ಮೆಂಟ್ ಪ್ಲಾಂಟ್ ಹಾಕಿದರೆ 40 ಸಾಕು. ಅದು ಹಳ್ಳಕೊಳ್ಳದಿಂದ 10 ಮೀಟರ್, ಕಟ್ಟಡದಿಂದ 15 ಮೀಟರ್, ಬಾವಿ ಅಥವಾ ಕೊಳವೆಬಾವಿಯಿಂದ 50 ಮೀಟರ್ ದೂರವಿರಬೇಕು. ಇದನ್ನು ಅರ್ಜಿಯ ಜಾಗದ ಎಲ್ಲೆ ತೋರಿಸುವ ಕೆಂಪು ಗೆರೆಯೊಳಗೇ ಕೂರಿಸಬೇಕು. ಮನೆಯ ಸುತ್ತ ಬಿಗಿಯಾಗಿ ಕೆಂಪು ಗೆರೆ ಎಳೆದು, ಆಮೇಲೆ ಇಂಗುಪ್ರದೇಶ ಪಕ್ಕದ ಹೊಲಕ್ಕೆ ಬಿತ್ತು ಎಂದು ಅರ್ಜಿ ಹೊಸದಾಗಿ ಹಾಕುವವರು ಕಡಿಮೆಯಿಲ್ಲ. ಸೆಪ್ಟಿಕ್ ಟ್ಯಾಂಕಿನ ನೀರನ್ನು ನೇರವಾಗಿ ಹೊಳೆಗೆ ಬಿಡುವುದು ನಿಷಿದ್ಧ, ಹಳೆಯ ಕೊಳವೆ ಹಾಗೆ ಹೋಗುತ್ತಿದ್ದರೆ ಅದನ್ನು ಆಧಾರವಾಗಿ ತೋರಿಸಬೇಡಿ.

ಸಾಮರ್‌ಸೆಟ್ ಲೆವೆಲ್ಸ್, ಹೆರೆಫರ್ಡ್‌ಷೈರ್‌ನ ಲಗ್ ನದಿಯಂಥ ಜಲಾನಯನಗಳಲ್ಲಿ ನ್ಯೂಟ್ರಿಯೆಂಟ್ ನ್ಯೂಟ್ರಾಲಿಟಿ ಎಂಬ ತೊಡಕಿದೆ. ಅಲ್ಲಿ ಹೊಸ ಮನೆ ಎಂದಾದರೆ ಅದರ ಫಾಸ್ಫೇಟ್ ಅಥವಾ ನೈಟ್ರೇಟ್ ಹೊರೆಗೆ ಪರಿಹಾರ ತೋರಿಸಬೇಕು. ವಾಸದ ಹಕ್ಕು ಉಳಿದಿದೆ ಎಂಬ ಸರ್ಟಿಫಿಕೇಟ್ ಇದ್ದರೆ ಅದು ಹೊಸ ಮನೆಯಲ್ಲ ಎಂದು ವಾದಿಸಲು ಬಲವಾದ ಆಧಾರ ಸಿಗುತ್ತದೆ.

ದಾರಿಯ ವಿಷಯ ಎರಡು. ಒಂದು, ಮುಖ್ಯರಸ್ತೆಗೆ ಸೇರುವಲ್ಲಿ ಕಾಣುವ ದೂರ. ರಸ್ತೆಯಂಚಿನಿಂದ 2.4 ಮೀಟರ್ ಹಿಂದೆ ನಿಂತು ನೋಡಿದಾಗ, ಗಂಟೆಗೆ 60 ಮೈಲಿ ಮಿತಿಯ ರಸ್ತೆಯಲ್ಲಿ ಹೈವೇ ಅಧಿಕಾರಿಗಳು ಎರಡೂ ಕಡೆ 215 ಮೀಟರ್ ಕೇಳಬಹುದು. ಬಾಗುಬಳುಕಿನ ಹಳ್ಳಿರಸ್ತೆಯಲ್ಲಿ ಅಷ್ಟು ಸಿಗುವುದೂ ಇಲ್ಲ, ಅಲ್ಲಿ ಯಾರೂ 60ರಲ್ಲಿ ಓಡಿಸುವುದೂ ಇಲ್ಲ. ವೇಗದ ಸರ್ವೇ ಮಾಡಿಸಿ ನಿಜವಾದ ವೇಗ 30 ಎಂದು ತೋರಿಸಿದರೆ 43 ಮೀಟರ್ ಸಾಕಾಗುತ್ತದೆ. ಎರಡು, ಬೇರೆಯವರ ಹೊಲದ ಮೇಲೆ ಹಾದುಬರುವ ದಾರಿ. ಪ್ಲ್ಯಾನಿಂಗ್ ಪರ್ಮಿಷನ್ ನಿಮಗೆ ದಾರಿಯ ಹಕ್ಕು ಕೊಡುವುದಿಲ್ಲ. ಬೇಸಾಯಕ್ಕೆಂದು ಇದ್ದ ಹಕ್ಕು ವಾಸದ ಮನೆಗೆ ತಾನಾಗಿ ಸಲ್ಲುವುದಿಲ್ಲ, ಪತ್ರದ ಮಾತನ್ನು ಸಾಲಿಸಿಟರಿಂದ ಓದಿಸಿ. ಅಗ್ನಿಶಾಮಕ ವಾಹನ ಮನೆಯ ಯಾವುದೇ ಭಾಗಕ್ಕೆ 45 ಮೀಟರ್ ಒಳಗೆ ಬರಬೇಕು, ದಾರಿ 3.7 ಮೀಟರ್, ಗೇಟು 3.1 ಮೀಟರ್ ಅಗಲ ಬೇಕು. ಇದು ಬಿಲ್ಡಿಂಗ್ ರೆಗ್ಯುಲೇಷನ್ (ಕಟ್ಟಡ ಸುರಕ್ಷತೆ, ಗುಣಮಟ್ಟದ ನಿಯಮ) ವಿಷಯ, ಪ್ಲ್ಯಾನಿಂಗ್‌ನಿಂದ ಪ್ರತ್ಯೇಕ. ಆದರೂ ದಾರಿ ಅಗಲಿಸಲು ಬೇಲಿ ಕಡಿಯಬೇಕಾದರೆ ಪ್ಲ್ಯಾನಿಂಗ್ ನಕ್ಷೆಯಲ್ಲೇ ಅದು ಕಾಣಬೇಕು.

ನಕ್ಷೆ ಮತ್ತು ಅರ್ಜಿ

ಗೆಲ್ಲುವ ನಕ್ಷೆಗಳು ಸಪ್ಪೆಯಾಗಿ ಕಾಣುತ್ತವೆ. ಇರುವ ಬಾಗಿಲು ಕಿಟಕಿಗಳನ್ನೇ ಬಳಸಿ, ಹೊಸ ತೆರಪುಗಳನ್ನು ಆದಷ್ಟು ಕಡಿಮೆ ಮಾಡಿ, ಬೇಕೇ ಆದರೆ ರಸ್ತೆಗೆ ಕಾಣದ ಕಡೆ ಇಡಿ. ಚಾವಣಿಯ ಇಳಿಜಾರು ಗೋಡೆಯ ಮೇಲುಳಿದ ಗುರುತಿನಂತೆಯೇ ಇರಲಿ. ಹೆಚ್ಚುವರಿ ಕೋಣೆಯಾದರೆ ಮೂಲ ಮನೆಗಿಂತ ಗಿಡ್ಡ, ಕಿರಿದು. ಕೈತೋಟವೆಂದು ತೋರಿಸುವ ಜಾಗ ಹಳೆಯ ಪೌಳಿಯೊಳಗೇ ನಿಲ್ಲಲಿ. ಅರ್ಧ ಎಕರೆಯನ್ನೂ ತೋಟ ಎಂದು ಕೇಳಿದರೆ ಬಯಲು ಮನೆಯಂಗಳವಾಗುತ್ತದೆ ಎಂಬ ಆಕ್ಷೇಪ ಖಂಡಿತ.

ಅರ್ಜಿಗೆ ಮುಂಚೆ ಹಣ ಕೊಟ್ಟು ಪ್ರೀ-ಆಪ್ ಸಲಹೆ ಪಡೆಯಿರಿ. 'ಈ ಮನೆಗೆ ಪರ್ಮಿಷನ್ ಸಿಗುತ್ತದೆಯೇ' ಎಂದು ಕೇಳಬೇಡಿ. ಬಳಕೆ ಕೈಬಿಟ್ಟದ್ದೆಂದು ಕೌನ್ಸಿಲ್ ಭಾವಿಸುತ್ತದೆಯೇ, ಸ್ಥಳೀಯ ಯೋಜನೆಯ ಯಾವ ನೀತಿ ಅನ್ವಯ, ಯಾವ ವರದಿಗಳು ಬೇಕು ಎಂಬ ಮೂರು ಪ್ರಶ್ನೆ ಬರೆದು ಕೇಳಿ. ಉತ್ತರ ಕೌನ್ಸಿಲನ್ನು ಕಟ್ಟಿಹಾಕುವುದಿಲ್ಲ, ಆದರೆ ಮುಂದೆ ಅದರ ವಿರುದ್ಧ ಹೋಗಲು ಅವರಿಗೂ ಕಾರಣ ಬೇಕಾಗುತ್ತದೆ.

ಅರ್ಜಿ ಪ್ಲ್ಯಾನಿಂಗ್ ಪೋರ್ಟಲ್ ಎಂಬ ಜಾಲತಾಣದ ಮೂಲಕ. ಸ್ಥಳನಕ್ಷೆ 1:1250 ಅಥವಾ 1:2500ರಲ್ಲಿ, ಕೆಂಪು ಗೆರೆ ಸಾರ್ವಜನಿಕ ರಸ್ತೆಯ ತನಕ ಮುಟ್ಟಬೇಕು, ನಿಮ್ಮ ಉಳಿದ ಜಮೀನಿಗೆ ನೀಲಿ ಗೆರೆ. ದಾರಿ ಬೇರೆಯವರದಾದರೆ ಅವರಿಗೆ ನೋಟಿಸ್ ಕೊಟ್ಟು ಓನರ್‌ಶಿಪ್ ಸರ್ಟಿಫಿಕೇಟ್ ಬಿ ಹಾಕಬೇಕು. ಎಲ್ಲ ನನ್ನದೇ ಎಂದು ಎ ಹಾಕಿದರೆ ಆಮೇಲೆ ಪರ್ಮಿಷನ್ನೇ ಪ್ರಶ್ನೆಗೀಡಾಗಬಹುದು. 2025ರ ಏಪ್ರಿಲ್ 1ರ ಪರಿಷ್ಕರಣೆಯಂತೆ ಒಂದು ಮನೆಯ ಪೂರ್ಣ ಅರ್ಜಿಗೆ ಶುಲ್ಕ 588 ಪೌಂಡ್ ಇತ್ತು, 192ರ ಸರ್ಟಿಫಿಕೇಟಿಗೆ ಅದರ ಅರ್ಧ. ಶುಲ್ಕ ಮತ್ತೆ ಬದಲಾಗುತ್ತಿರುತ್ತದೆ, ಪೋರ್ಟಲ್‌ನ ಲೆಕ್ಕಪಟ್ಟಿ ನೋಡಿ ಕಟ್ಟಿ.

ನೋಂದಣಿಯಾದ ಮೇಲೆ 21 ದಿನ ಸಾರ್ವಜನಿಕರ ಅಭಿಪ್ರಾಯ, ಒಟ್ಟು 8 ವಾರದಲ್ಲಿ ತೀರ್ಮಾನವಾಗಬೇಕು. ಹೆಚ್ಚು ಸಮಯ ಬೇಕೆಂದು ಆಫೀಸರ್ ಕೇಳುವುದು ಮಾಮೂಲು. ಏನು ಬಾಕಿ ಇದೆ ಎಂದು ತಿಳಿದುಕೊಂಡು, ಅದಕ್ಕೆ ತಕ್ಕ ದಿನಾಂಕಕ್ಕೆ ಒಪ್ಪಿಕೊಳ್ಳಿ. ತಿರಸ್ಕಾರವಾದರೆ 6 ತಿಂಗಳೊಳಗೆ ಪ್ಲ್ಯಾನಿಂಗ್ ಇನ್‌ಸ್ಪೆಕ್ಟರೇಟ್ ಎಂಬ ಸರ್ಕಾರಿ ಸಂಸ್ಥೆಗೆ ಮೇಲ್ಮನವಿ. ಕಾರಣ ಗೋಡೆಯ ಸ್ಥಿತಿಯೋ ಸರ್ವೇ ಕೊರತೆಯೋ ಆಗಿದ್ದರೆ ಮೇಲ್ಮನವಿಗಿಂತ ಕೊರತೆ ತುಂಬಿ ಹೊಸ ಅರ್ಜಿ ಹಾಕುವುದೇ ಲೇಸು. ಬಳಕೆ ಕೈಬಿಟ್ಟದ್ದೆಂಬ ಕಾನೂನು ತಕರಾರಾದರೆ ಮೇಲ್ಮನವಿಗೆ ಅರ್ಥವಿದೆ.

ಪರ್ಮಿಷನ್ ಬಂದ ಮೇಲೆ

ಸಾಮಾನ್ಯವಾಗಿ 3 ವರ್ಷದೊಳಗೆ ಕೆಲಸ ಶುರುವಾಗಬೇಕು. ಷರತ್ತುಗಳಲ್ಲಿ 'ಕೆಲಸ ಆರಂಭಿಸುವ ಮುನ್ನ' ಎಂಬ ಪದಗಳಿರುವುದನ್ನು ಬೇರೆ ತೆಗೆದು ಬರೆದಿಡಿ. ಗಾರೆಯ ಮಾದರಿ, ಸ್ಲೇಟಿನ ಮಾದರಿ, ಬಾವಲಿ ಲೈಸೆನ್ಸ್, ಗೋಡೆಗೆ ಆಧಾರ ಕೊಡುವ ವಿಧಾನ ಇವೆಲ್ಲ ಅಲ್ಲಿ ಬರುತ್ತವೆ. ಇವಕ್ಕೆ ಲಿಖಿತ ಒಪ್ಪಿಗೆ ಪಡೆಯದೆ ಶುರುಮಾಡಿದ ಕೆಲಸ ಕಾನೂನಿನಲ್ಲಿ ಆರಂಭವೆಂದೇ ಎಣಿಕೆಯಾಗದೆ ಹೋಗಬಹುದು. ಮೂರು ವರ್ಷ ಕಳೆದ ಮೇಲೆ ಅದು ಗೊತ್ತಾದರೆ ಪರ್ಮಿಷನ್ ತೀರಿಹೋಗಿರುತ್ತದೆ.

ಕಮ್ಯುನಿಟಿ ಇನ್‌ಫ್ರಾಸ್ಟ್ರಕ್ಚರ್ ಲೆವಿ (ಹೊಸ ಕಟ್ಟಡದ ವಿಸ್ತೀರ್ಣದ ಮೇಲಿನ ಸ್ಥಳೀಯ ಕರ) ಇರುವ ಕೌನ್ಸಿಲ್‌ಗಳಲ್ಲಿ ಪಾಳುಮನೆಯವರಿಗೆ ವಿಶೇಷ ಪೆಟ್ಟು. ಇರುವ ಕಟ್ಟಡದ ವಿಸ್ತೀರ್ಣವನ್ನು ಲೆಕ್ಕದಿಂದ ಕಳೆಯಬೇಕಾದರೆ ಹಿಂದಿನ 3 ವರ್ಷಗಳಲ್ಲಿ ಸತತ 6 ತಿಂಗಳು ಅದು ಬಳಕೆಯಲ್ಲಿರಬೇಕು. ಪಾಳುಮನೆ ಅದರಲ್ಲಿ ಸೋಲುತ್ತದೆ. ಆದರೆ ಹೊಸ ಪರ್ಮಿಷನ್ ಇಲ್ಲದೆಯೂ ವಾಸಕ್ಕೆ ಬಳಸಬಹುದಾಗಿದ್ದ, ಉಳಿಸಿಕೊಂಡ ಭಾಗವನ್ನು ಕಳೆಯಬಹುದು, ಇಲ್ಲೂ ಆ ಸರ್ಟಿಫಿಕೇಟೇ ಆಧಾರ. ಅದೂ ಇಲ್ಲದಿದ್ದರೆ ಸ್ವಂತ ವಾಸಕ್ಕೆ ಕಟ್ಟುವವರ ವಿನಾಯಿತಿ ಕೇಳಿ. ವಿನಾಯಿತಿ ಮಂಜೂರಾಗಿ, ಕಮೆನ್ಸ್‌ಮೆಂಟ್ ನೋಟಿಸ್ (ಕೆಲಸ ಆರಂಭದ ಸೂಚನೆ) ಕೌನ್ಸಿಲ್‌ಗೆ ತಲುಪಿದ ಮೇಲಷ್ಟೇ ಕೆಲಸ ಶುರುವಾಗಬೇಕು. ಕೆಲಸ ಮುಗಿದ 6 ತಿಂಗಳಲ್ಲಿ ವಿನಾಯಿತಿ ಅರ್ಜಿಯ ಎರಡನೇ ಭಾಗದ ದಾಖಲೆ ಕೊಡಬೇಕು, 3 ವರ್ಷ ಅಲ್ಲೇ ವಾಸವಿರಬೇಕು.

ಇನ್ನು ವ್ಯಾಟ್, ಅಂದರೆ ಮೌಲ್ಯವರ್ಧಿತ ತೆರಿಗೆ. ಕೆಲಸ ಶುರುವಾಗುವ ಮುನ್ನ 2 ವರ್ಷ ಖಾಲಿ ಇದ್ದ ಮನೆಯ ನವೀಕರಣಕ್ಕೆ ಕಂಟ್ರಾಕ್ಟರ್ 20ರ ಬದಲು ಶೇ. 5 ವ್ಯಾಟ್ ಹಾಕಬಹುದು. ಸಾಮಗ್ರಿ ಅವರೇ ತಂದು ಹಾಕಿದರೆ ಅದಕ್ಕೂ ಶೇ. 5. ನೀವೇ ಅಂಗಡಿಯಲ್ಲಿ ಕೊಂಡರೆ 20 ಕೊಡಬೇಕು. 10 ವರ್ಷ ಖಾಲಿ ಇದ್ದ ಮನೆಯಾದರೆ ಸ್ವಂತವಾಗಿ ಕಟ್ಟಿಕೊಳ್ಳುವವರ ಯೋಜನೆಯಲ್ಲಿ ಕೊಟ್ಟ ವ್ಯಾಟನ್ನು ಹಿಂಪಡೆಯಬಹುದು. ಆದರೆ ಶೇ. 5 ಹಾಕಬೇಕಿದ್ದಲ್ಲಿ ಕಂಟ್ರಾಕ್ಟರ್ 20 ಹಾಕಿದ್ದರೆ ಹೆಚ್ಚುವರಿ ಹಣವನ್ನು ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿ ಕೊಡುವುದಿಲ್ಲ, ಕಂಟ್ರಾಕ್ಟರಿಂದಲೇ ಬಿಲ್ ತಿದ್ದಿಸಬೇಕು. ಆರ್ಕಿಟೆಕ್ಟ್, ಎಂಜಿನಿಯರ್ ಶುಲ್ಕದ ವ್ಯಾಟ್ ಇದರಲ್ಲಿ ಸೇರುವುದಿಲ್ಲ.

ಮನೆ ಖಾಲಿ ಇತ್ತೆಂಬ ಪುರಾವೆಯನ್ನು ಕೌನ್ಸಿಲಿನ ಎಂಪ್ಟಿ ಪ್ರಾಪರ್ಟಿ ಆಫೀಸರ್ (ಖಾಲಿ ಮನೆಗಳ ಅಧಿಕಾರಿ) ಪತ್ರದಿಂದ ಪಡೆಯಿರಿ, ಕೆಲಸ ಶುರುವಾಗುವ ಮುನ್ನವೇ. ಕೌನ್ಸಿಲ್‌ಗೆ 'ಬಳಕೆ ಕೈಬಿಟ್ಟಿಲ್ಲ' ಎಂದೂ ಎಚ್‌ಎಂಆರ್‌ಸಿಗೆ 'ಹತ್ತು ವರ್ಷ ಖಾಲಿ' ಎಂದೂ ಹೇಳುವುದರಲ್ಲಿ ವಿರೋಧವಿಲ್ಲ, ಖಾಲಿ ಬಿಡುವುದು ಬೇರೆ, ಕೈಬಿಡುವುದು ಬೇರೆ. ಆದರೆ ಕೊನೆಯ ವಾಸದ ವರ್ಷ ಎರಡೂ ಕಡೆ ಒಂದೇ ಇರಬೇಕು. ಡಿಕ್ಲರೇಷನ್‌ನಲ್ಲಿ 2011, ವ್ಯಾಟ್ ಅರ್ಜಿಯಲ್ಲಿ 2008 ಎಂದಿದ್ದರೆ ಎರಡೂ ಕುಸಿಯುತ್ತವೆ. ವ್ಯಾಟ್ ಮರುಪಾವತಿಯ ಅರ್ಜಿಯನ್ನು ಕೆಲಸ ಪೂರ್ಣಗೊಂಡ 6 ತಿಂಗಳೊಳಗೆ ಒಂದೇ ಸಲ ಹಾಕಬೇಕು, ಹಾಗಾಗಿ ಕಂಪ್ಲೀಷನ್ ಸರ್ಟಿಫಿಕೇಟ್ (ಕೆಲಸ ಪೂರ್ಣಗೊಂಡ ಪ್ರಮಾಣಪತ್ರ) ಬರುವ ಹೊತ್ತಿಗೆ ಎಲ್ಲ ಬಿಲ್‌ಗಳನ್ನೂ ನಿಮ್ಮ ಹೆಸರಿನಲ್ಲಿ, ದಿನಾಂಕದ ಕ್ರಮದಲ್ಲಿ ಜೋಡಿಸಿಟ್ಟಿರಿ.